ಟೊಪ್ಪಿ, ಪೇಟ, ಸೆರಗು: ಮತಧರ್ಮಗಳಲ್ಲಿ ತಲೆ ಮುಚ್ಚುವ ಆಚಾರ

ಮುಂಬಯಿಯ ಮಸ್ಜಿದ್ ರೈಲು ನಿಲ್ದಾಣಕ್ಕೆ ಸಮೀಪವಾದ ಮಾಂಡವಿಯ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿ ನಗರದ ಅತ್ಯಂತ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರವಿದೆ. ‘ದಯೆಯ ದ್ವಾರ’ ಎಂಬರ್ಥದ ‘ಶಾರ್ ಹರಹಮೀಮ್’ ಎಂಬುದು ಇದರ ಹೆಸರು. 1796ರಲ್ಲಿ ಇದನ್ನು ಕಟ್ಟಿಸಿದವರು ಬೆನೆ ಇಸ್ರೇಲ್ ಸಮುದಾಯದ ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ದಿವೇಕರರು ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಸೆರೆಸಿಕ್ಕರೆಂದೂ, ಕುರಾನಿನಲ್ಲಿ ಉಲ್ಲೇಖಗೊಂಡ ಬೆನೆ ಇಸ್ರೇಲರು ಇವರೇ ಎಂದು ತಿಳಿದ ಸುಲ್ತಾನನ ತಾಯಿ ಅವರ ಪ್ರಾಣ ಉಳಿಸಿದರೆಂದೂ, ಬಿಡುಗಡೆಯಾಗಿ ಬಂದ ಬಳಿಕ ಕೃತಜ್ಞತೆಯಿಂದ ಅವರು ಈ ಮಂದಿರವನ್ನು ಕಟ್ಟಿಸಿದರೆಂದೂ ಸಮುದಾಯದ ಐತಿಹ್ಯ ಹೇಳುತ್ತದೆ. ನೆರೆಹೊರೆಯವರು ಇದನ್ನು ‘ಜೂನಿ ಮಸ್ಜಿದ್’ ಎಂದು ಕರೆಯುತ್ತಿದ್ದರು. ರೈಲು ನಿಲ್ದಾಣಕ್ಕೆ ‘ಮಸ್ಜಿದ್’ ಎಂಬ ಹೆಸರು ಬಂದದ್ದು ಇದರಿಂದಲೇ ಎಂಬ ಮಾತೂ ಪ್ರಚಲಿತವಾಗಿದೆ.

ಯೆಹೂದಿ ಮಂದಿರವನ್ನು ಜನ ಮಸೀದಿಯೆಂದು ಕರೆದುದರಲ್ಲಿ ಅಚ್ಚರಿಪಡುವಂಥದು ಹೆಚ್ಚೇನಿಲ್ಲ. ಅಲ್ಲಿ ಒಳಗೆ ಹೋಗುವ ಗಂಡಸಿನ ನೆತ್ತಿಯ ಮೇಲೂ ಪುಟ್ಟ ದುಂಡು ಟೊಪ್ಪಿ, ಇಲ್ಲಿ ಹೋಗುವವನ ನೆತ್ತಿಯ ಮೇಲೂ ಪುಟ್ಟ ದುಂಡು ಟೊಪ್ಪಿ. ಅಷ್ಟೇನೂ ದೂರವಲ್ಲದ ಭೇಂಡಿ ಬಜಾರಿನಲ್ಲಿ ಬೋಹರಾ ಜನರ ಚಿನ್ನದಂಚಿನ ಟೊಪ್ಪಿ, ಧೋಬಿತಲಾವ್ ಕಡೆ ಬಂದರೆ ಅಗ್ನಿಮಂದಿರಕ್ಕೆ ಹೊರಟ ಪಾರ್ಸಿ ವೃದ್ಧರ ಕರಿಯ ಮಖಮಲ್ ಟೊಪ್ಪಿ. ದಶಕಗಳಿಂದ ಈ ನಗರದಲ್ಲಿ ನೆಲೆಸಿ ದಿನವೂ ಇವರೊಡನೆ ಒಂದೇ ಡಬ್ಬಿಯಲ್ಲಿ ಪ್ರಯಾಣಿಸುವ ನಾವು, ಟೊಪ್ಪಿ ಕಂಡೊಡನೆ ‘ಇವರು ಇಂಥವರು’ ಎಂದು ತೀರ್ಮಾನಿಸಿಬಿಡುತ್ತೇವೆ. ಆ ತೀರ್ಮಾನ ಎಷ್ಟೋ ಬಾರಿ ತಪ್ಪಾಗಿರುತ್ತದೆ. ಯಾರು ಧರಿಸುತ್ತಾರೆ ಎಂಬಷ್ಟೇ ಮುಖ್ಯವಾದದ್ದು ಯಾವಾಗ ತೆಗೆಯುತ್ತಾರೆ ಎಂಬುದು. ಧರಿಸಬೇಕೆಂಬುದು ಗ್ರಂಥದ ಆಜ್ಞೆಯೋ ಕಾಲಾಂತರದಲ್ಲಿ ಗಟ್ಟಿಯಾದ ರೂಢಿಯೋ ಎಂಬುದು ಅದಕ್ಕಿಂತಲೂ ಮುಖ್ಯ. ಏಕೆಂದರೆ ಈಚಿನ ವರ್ಷಗಳಲ್ಲಿ ನ್ಯಾಯಾಲಯಗಳ ಮುಂದೆ ಬಂದು ನಿಂತಿರುವುದು ಇದೇ ಕೊನೆಯ ಪ್ರಶ್ನೆ.

ಮೊದಲು ಶಬ್ದಗಳ ವಿಚಾರ. ಕೂಸಿನ ತಲೆಗೆ ಕಟ್ಟುವ ಬಟ್ಟೆಯ ಟೊಪ್ಪಿಗೆಯನ್ನು ನಾವು ‘ಕುಲಾವಿ’ ಎನ್ನುತ್ತೇವೆ. ಇದು ಟೊಪ್ಪಿ ಎಂಬರ್ಥದ ಪಾರಸಿ ಶಬ್ದ ‘ಕುಲಾಹ್’ನ ಕನ್ನಡ ರೂಪ. ತಲೆಗೆ ಅಂಟಿ ಕೂರುವ ದುಂಡು ಟೊಪ್ಪಿಗೆ ಅರಬ್ಬಿಯಲ್ಲಿ ‘ತಾಕಿಯಾ’ ಎಂದೂ, ಹೀಬ್ರೂವಿನಲ್ಲಿ ‘ಕಿಪ್ಪಾ’ ಎಂದೂ ಹೆಸರು. ಕಿಪ್ಪಾ ಎಂದರೆ ಗುಮ್ಮಟ. ಪೂರ್ವ ಯೂರೋಪಿನ ಯೆಹೂದ್ಯರ ಯಿಡ್ಡಿಷ್ ನುಡಿಯಲ್ಲಿ ಅದೇ ‘ಯಾರ್ಮುಲ್ಕೆ’. ಕ್ಯಾಥೊಲಿಕ್ ಬಿಷಪ್ಪರ ಟೊಪ್ಪಿಗೆ ಇಟಲಿಯ ಭಾಷೆಯಲ್ಲಿ ‘ಜುಕೆಟ್ಟೊ’ ಎನ್ನುತ್ತಾರೆ. ಪುಟ್ಟ ಸೋರೆಬುರುಡೆ ಎಂಬುದು ಅದರ ಮೂಲಾರ್ಥ. ಒಣಗಿದ ಸೋರೆಗೂ ತಲೆಗೂ ‘ಬುರುಡೆ’ ಎಂಬ ಒಂದೇ ಮಾತನ್ನು ಬಳಸುವ ಕನ್ನಡಿಗರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಳುನಾಡಿನ ಅಡಿಕೆ ಹಾಳೆಯ ಮುಟ್ಟಾಳೆಯೂ ಇದೇ ಆಕಾರದ್ದೇ. ಆದರೆ ಅದು ಬಿಸಿಲು ಮಳೆಗಳಲ್ಲಿ ದುಡಿಯುವವನ ಟೊಪ್ಪಿ, ಯಾವ ಮತಕ್ಕೂ ಸೇರಿದ್ದಲ್ಲ. ಈಗ ಮುಂಬಯಿಯ ಸಭಾಗೃಹಗಳಲ್ಲಿ ಅತಿಥಿಗಳ ತಲೆಗೇರಿ ಗೌರವದ ಕುರುಹಾಗಿದೆ. ಮೈಸೂರು ಪೇಟ ತೊಡಿಸಿದರೆ ಸನ್ಮಾನ, ‘ಟೋಪಿ ಹಾಕಿದರೆ’ ಮೋಸ ಎನ್ನುವ ನಮ್ಮ ಭಾಷೆಯ ವಿಚಿತ್ರವನ್ನೂ ಇಲ್ಲಿ ನೆನೆಯಬಹುದು.

ನಾಲ್ಕು ಮೊಳದ ನಡಿಗೆ

ಯೆಹೂದ್ಯರ ಮೂಲಗ್ರಂಥವಾದ ತೋರಾದಲ್ಲಿ ಸಾಮಾನ್ಯ ಗೃಹಸ್ಥನು ತಲೆ ಮುಚ್ಚಿಕೊಳ್ಳಬೇಕೆಂಬ ವಿಧಿ ಇಲ್ಲ. ಮುಂಡಾಸು ಮತ್ತು ಟೊಪ್ಪಿಗಳ ವರ್ಣನೆ ಅಲ್ಲಿ ಬರುವುದು ಪುರೋಹಿತರ ಉಡುಪಿನ ಭಾಗವಾಗಿ ಮಾತ್ರ. ಶತಮಾನಗಳ ನಂತರದ ತಾಲ್ಮುದ್ ಗ್ರಂಥದಲ್ಲಿ ಬರಿದಲೆಯಲ್ಲಿ ನಾಲ್ಕು ಮೊಳ ದೂರವನ್ನೂ ನಡೆಯದಿದ್ದ ಒಬ್ಬ ವಿದ್ವಾಂಸರ ಉಲ್ಲೇಖವಿದೆ. ದೇವರ ಸಾನ್ನಿಧ್ಯ ತಲೆಯ ಮೇಲಿದೆ ಎಂಬುದು ಅವರು ಕೊಟ್ಟ ಕಾರಣ. ಅದೇ ಗ್ರಂಥದಲ್ಲಿ ಇನ್ನೊಂದು ರಸವತ್ತಾದ ಕಥೆ ಇದೆ. ಒಬ್ಬ ತಾಯಿಗೆ ಜೋಯಿಸರು ‘ನಿನ್ನ ಮಗ ಕಳ್ಳನಾಗುತ್ತಾನೆ’ ಎಂದು ಭವಿಷ್ಯ ನುಡಿದರಂತೆ. ಅಂದಿನಿಂದ ಆಕೆ ಮಗನ ತಲೆಯನ್ನು ಬರಿದಾಗಿರಲು ಬಿಡಲಿಲ್ಲ. ದೈವಭಯ ಅವನನ್ನು ಕಾಯಲಿ ಎಂಬುದು ಆಕೆಯ ಆಶಯ. ಮಗ ದೊಡ್ಡ ಪಂಡಿತನಾದ. ಒಂದು ದಿನ ಬೇರೊಬ್ಬರ ಖರ್ಜೂರದ ಮರದಡಿ ಓದುತ್ತ ಕುಳಿತಿದ್ದಾಗ ತಲೆಯ ಮೇಲಿನ ಹೊದಿಕೆ ಜಾರಿತು. ಕಣ್ಣೆತ್ತಿ ನೋಡಿದವನು ಆಸೆ ತಡೆಯಲಾರದೆ ಮರಹತ್ತಿ ಹಣ್ಣಿನ ಗೊಂಚಲನ್ನು ಬಾಯಿಂದಲೇ ಕಿತ್ತನಂತೆ.

ಒಬ್ಬಿಬ್ಬರು ಭಕ್ತರ ವೈಯಕ್ತಿಕ ನಿಷ್ಠೆಯಾಗಿ ಆರಂಭವಾದದ್ದು ಹೀಗೆ ಮೆಲ್ಲನೆ ಎಲ್ಲರ ರೂಢಿಯಾಯಿತು. 16ನೆಯ ಶತಮಾನದಲ್ಲಿ ಯೋಸೆಫ್ ಕಾರೊ ರಚಿಸಿದ ‘ಶುಲ್ಹಾನ್ ಆರುಖ್’ ಎಂಬ ಧರ್ಮಸಂಹಿತೆಯಲ್ಲಿ ನಾಲ್ಕು ಮೊಳದ ಮಾತು ನಿಯಮವಾಗಿಯೇ ಸೇರಿತು. ಇಂದು ಸಂಪ್ರದಾಯಸ್ಥ ಯೆಹೂದಿ ಪುರುಷರು ಎಚ್ಚರವಿರುವಷ್ಟು ಹೊತ್ತೂ ಕಿಪ್ಪಾ ಧರಿಸುತ್ತಾರೆ. ಉದಾರಪಂಥದವರಲ್ಲಿ ಪ್ರಾರ್ಥನೆಯ ವೇಳೆ ಮಾತ್ರ ಧರಿಸುವವರೂ, ಧರಿಸದವರೂ ಇದ್ದಾರೆ. ಇಸ್ರೇಲಿನಲ್ಲಿ ಟೊಪ್ಪಿಯ ಬಟ್ಟೆಯೇ ಧರಿಸಿದವನ ಒಲವನ್ನು ತಿಳಿಸುತ್ತದೆ: ಬಣ್ಣದ ನೂಲಿನಿಂದ ಹೆಣೆದ ಚಿಕ್ಕ ಕಿಪ್ಪಾ ಧಾರ್ಮಿಕ ರಾಷ್ಟ್ರವಾದಿಗಳದು, ಕರಿಯ ಮಖಮಲ್ಲಿನದು ಕಟ್ಟಾ ಸಂಪ್ರದಾಯಸ್ಥರದು, ಕಸೂತಿಯ ದೊಡ್ಡ ಟೊಪ್ಪಿ ಬುಖಾರಾ ಮೂಲದ ಯೆಹೂದ್ಯರ ಪರಂಪರೆಯದು. ಸಂಪ್ರದಾಯಸ್ಥ ವಿವಾಹಿತ ಸ್ತ್ರೀಯರು ಕೂದಲನ್ನು ವಸ್ತ್ರದಿಂದ ಮುಚ್ಚುತ್ತಾರೆ. ಕೆಲವು ಪಂಗಡಗಳಲ್ಲಿ ಅದಕ್ಕಾಗಿ ಚವರಿಯ ಟೋಪನ್ನೇ ತೊಡುವುದುಂಟು. ಸ್ವಂತ ಕೂದಲನ್ನು ಮರೆಮಾಡಲು ಬೇರೆಯವರ ಕೂದಲು! ಧರ್ಮಶಾಸ್ತ್ರಗಳ ಅರ್ಥವಿವರಣೆ ಎಲ್ಲ ಮತಗಳಲ್ಲೂ ಇಂಥ ತಿರುವುಗಳನ್ನು ಪಡೆದಿದೆ.

ತೆಗೆಯುವುದೇ ಗೌರವ

ಕ್ರೈಸ್ತರಲ್ಲಿ ಇದು ತಿರುವುಮುರುವು. ಪ್ರಾರ್ಥಿಸುವಾಗ ಪುರುಷನು ತಲೆ ಮುಚ್ಚಬಾರದು, ಸ್ತ್ರೀ ಮುಚ್ಚಬೇಕು ಎಂಬುದು ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆಶಯ. ಇಗರ್ಜಿಯ ಬಾಗಿಲಲ್ಲಿ ಗಂಡಸರು ಹ್ಯಾಟು ತೆಗೆಯುವುದೂ, ಹಿಂದಿನ ತಲೆಮಾರಿನ ಮಂಗಳೂರು ಮತ್ತು ಗೋವಾ ಕಡೆಯ ಹೆಂಗಸರು ಪೂಜೆಯ ವೇಳೆ ತಲೆಗೆ ವಸ್ತ್ರ ಹಾಕಿಕೊಳ್ಳುತ್ತಿದ್ದುದೂ ಇದರಿಂದಲೇ. ಕ್ಯಾಥೊಲಿಕರ 1917ರ ಧರ್ಮಸಂಹಿತೆ ಸ್ತ್ರೀಯರಿಗೆ ಇದನ್ನು ನಿಯಮವಾಗಿ ವಿಧಿಸಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ನಿಯಮವಿಲ್ಲ.

ಆದರೂ ಕ್ಯಾಥೊಲಿಕ್ ಧರ್ಮಗುರುಗಳಲ್ಲಿ ಮೇಲ್ಮಟ್ಟದವರ ತಲೆಯ ಮೇಲೆ ಕಿಪ್ಪಾವನ್ನೇ ಹೋಲುವ ಟೊಪ್ಪಿ ಇದೆಯಲ್ಲ ಎಂಬ ಪ್ರಶ್ನೆ ಸಹಜ. ಅದರ ಮೂಲ ತೀರ ಲೌಕಿಕವಾದುದು. ಹಿಂದೆ ಪಾದ್ರಿಗಳು ದೀಕ್ಷೆಯ ಗುರುತಾಗಿ ನೆತ್ತಿಯ ಕೂದಲನ್ನು ಬೋಳಿಸುತ್ತಿದ್ದರು. ಯೂರೋಪಿನ ಚಳಿಗೆ ಆ ಬೋಳುನೆತ್ತಿಯನ್ನು ಮುಚ್ಚಲು ಈ ಟೊಪ್ಪಿ ಹುಟ್ಟಿತು. ನೆತ್ತಿ ಬೋಳಿಸುವ ವಿಧಿಯನ್ನು 6ನೆಯ ಪೌಲ್ ಪೋಪರು 1972ರಲ್ಲಿ ರದ್ದುಪಡಿಸಿದರು, ಟೊಪ್ಪಿ ಮಾತ್ರ ಉಳಿಯಿತು. ಎಂಟು ತ್ರಿಕೋನಾಕಾರದ ತುಂಡುಗಳನ್ನು ಜೋಡಿಸಿ ಇದನ್ನು ಹೊಲಿಯುತ್ತಾರೆ. ಪೋಪರದು ಬಿಳಿ, ಕಾರ್ಡಿನಲರದು ಕೆಂಪು, ಬಿಷಪ್ಪರದು ನೇರಳೆಗೆಂಪು. ಪೂಜೆಯ ಅತ್ಯಂತ ಪವಿತ್ರ ಭಾಗದಲ್ಲಿ ಪೋಪರೂ ಇದನ್ನು ತೆಗೆದಿಟ್ಟು, ಪರಮಪ್ರಸಾದದ ನಂತರವೇ ಮತ್ತೆ ಧರಿಸುತ್ತಾರೆ. ‘ದೇವರಿಗೆ ಮಾತ್ರ’ ಎಂಬರ್ಥದ ‘ಸೊಲಿದೇಒ’ ಎಂಬ ಇನ್ನೊಂದು ಹೆಸರು ಇದಕ್ಕೆ ಬಂದದ್ದು ಈ ಕಾರಣದಿಂದಲೇ. ಒಂದೇ ಆಕಾರದ ಟೊಪ್ಪಿ. ದೇವರ ಭಯದಿಂದ ಯೆಹೂದಿ ಧರಿಸುತ್ತಾನೆ, ದೇವರ ಗೌರವಕ್ಕಾಗಿ ಬಿಷಪ್ಪರು ತೆಗೆಯುತ್ತಾರೆ.

ಕೇರಳದ ಸಿರಿಯನ್ ಆರ್ಥೊಡಾಕ್ಸ್ ಗುರುಗಳ ಕರಿಯ ಟೊಪ್ಪಿ, ಅವರ ಬಿಷಪ್ಪರ ಶಿಲುಬೆಗಳ ಕಸೂತಿಯುಳ್ಳ ಕರಿಯ ಮುಸುಕು, ಕ್ರೈಸ್ತ ಸಂನ್ಯಾಸಿನಿಯರ ಶಿರೋವಸ್ತ್ರ ಇವೆಲ್ಲ ಬೇರೆ ಬೇರೆ ಪರಂಪರೆಯವು. ಮದರ್ ತೆರೇಸಾ ಸ್ಥಾಪಿಸಿದ ಸಂಸ್ಥೆಯ ಸೋದರಿಯರಂತೂ ನೀಲಿಯಂಚಿನ ಬಿಳಿಸೀರೆಯ ಸೆರಗನ್ನೇ ಶಿರೋವಸ್ತ್ರವಾಗಿಸಿಕೊಂಡರು.

ವರ್ಷವಿಡೀ ಟೊಪ್ಪಿ, ಹಜ್ಜಿನಲ್ಲಿ ಬರಿದಲೆ

ಮುಸ್ಲಿಮರ ಟೊಪ್ಪಿಯ ಬಗ್ಗೆ ಹೊರಗಿನವರಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆಯೆಂದರೆ ಅದು ಇಸ್ಲಾಮಿನ ಕಡ್ಡಾಯ ಕಟ್ಟಳೆ ಎಂಬುದು. ಪುರುಷರು ಟೊಪ್ಪಿ ಧರಿಸಬೇಕೆಂಬ ಆಜ್ಞೆ ಕುರಾನಿನಲ್ಲಿಲ್ಲ. ಪ್ರವಾದಿಯವರು ಮುಂಡಾಸು ಧರಿಸುತ್ತಿದ್ದರೆಂಬ ಪರಂಪರೆಯನ್ನು ಅನುಸರಿಸಿ ತಲೆ ಮುಚ್ಚುವುದನ್ನು ಸದಾಚಾರವೆಂದು ಭಾವಿಸುತ್ತಾರೆ. ಬರಿದಲೆಯಲ್ಲಿ ಮಾಡಿದ ನಮಾಜು ಅಸಿಂಧುವಾಗುವುದಿಲ್ಲ. ಆದರೆ ಉದಾಸೀನದಿಂದ ಹಾಗೆ ಮಾಡುವುದು ಸರಿಯಲ್ಲವೆಂದು ಭಾರತದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥದ ಪಂಡಿತರು ಹೇಳುತ್ತಾರೆ. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿ ಪಂಥದವರು. ಆಚರಣೆಯಲ್ಲಿ ಅವರಲ್ಲೂ ಟೊಪ್ಪಿಯ ರೂಢಿ ಬಲವಾಗಿಯೇ ಇದೆ. ಟೊಪ್ಪಿಯಿಲ್ಲದೆ ಬಂದವರಿಗಾಗಿ ಎಷ್ಟೋ ಮಸೀದಿಗಳ ಬಾಗಿಲಲ್ಲಿ ಹುಲ್ಲಿನ ಅಥವಾ ಪ್ಲಾಸ್ಟಿಕ್ಕಿನ ಟೊಪ್ಪಿಗಳ ರಾಶಿ ಇಟ್ಟಿರುತ್ತಾರೆ. ಜೇಬಿನ ಕರವಸ್ತ್ರವನ್ನೇ ತಲೆಗೆ ಕಟ್ಟಿ ನಮಾಜಿಗೆ ನಿಲ್ಲುವವರೂ ಧಾರಾಳವಾಗಿ ಕಾಣಸಿಗುತ್ತಾರೆ.

ಹಜ್ ಯಾತ್ರೆಯಲ್ಲಿ ಈ ನಿಯಮ ಪೂರ್ತಿ ಮಗುಚಿಕೊಳ್ಳುತ್ತದೆ. ಹೊಲಿಗೆಯಿಲ್ಲದ ಎರಡು ಬಿಳಿಯ ವಸ್ತ್ರಗಳ ‘ಇಹ್ರಾಮ್’ ತೊಟ್ಟ ಪುರುಷನು ತಲೆ ಮುಚ್ಚುವಂತೆಯೇ ಇಲ್ಲ. ಕೊಡೆ ಹಿಡಿಯಬಹುದು, ಟೊಪ್ಪಿ ಇಡುವಂತಿಲ್ಲ. ಸ್ತ್ರೀಯರು ತಲೆ ಮುಚ್ಚಿಕೊಂಡಿರಬೇಕು, ಆದರೆ ನಿಖಾಬಿನಿಂದ ಮುಖ ಮುಚ್ಚಬಾರದು. ಇಸ್ಲಾಮಿನ ಅತಿ ಪವಿತ್ರ ನೆಲದಲ್ಲಿ, ಬದುಕಿನ ಅತಿ ಪವಿತ್ರವೆನಿಸಿದ ದಿನಗಳಲ್ಲಿ ಪುರುಷನು ನಿಲ್ಲುವುದು ಬರಿದಲೆಯಲ್ಲಿ. ಟೊಪ್ಪಿಯೊಂದನ್ನೇ ಮತದ ಮುದ್ರೆಯೆಂದು ತಿಳಿದವರು ಇದನ್ನು ಗಮನಿಸಬೇಕು.

ದೇಶದಿಂದ ದೇಶಕ್ಕೆ ಟೊಪ್ಪಿಯ ರೂಪ ಬೇರೆ. ಗಲ್ಫಿನಲ್ಲಿ ದುಡಿದು ಬಂದ ನಮ್ಮ ಕರಾವಳಿಯವರಿಗೆ ಒಮಾನಿನ ‘ಕುಮ್ಮಾ’ ಪರಿಚಿತವೇ: ಸಣ್ಣ ಸಣ್ಣ ರಂಧ್ರಗಳ ಸುತ್ತ ಕೈಹೊಲಿಗೆಯ ಕಸೂತಿಯುಳ್ಳ ಟೊಪ್ಪಿ ಅದು. ಕಾಶ್ಮೀರದ ಕಡೆ ಕುರಿಮರಿಯ ಚರ್ಮದ ಕರಾಕುಲಿ, ಆಫ್ಘಾನಿಸ್ತಾನದಲ್ಲಿ ಉಣ್ಣೆಯ ಪಕೋಲ್. ಹೈದರಾಬಾದಿನ ಹಳೆಯ ಛಾಯಾಚಿತ್ರಗಳಲ್ಲಿ ಕಾಣುವ ಕೆಂಪು ಕೊಳಗದಾಕಾರದ ರೂಮಿ ಟೊಪ್ಪಿಯ ಕಥೆ ಸ್ವಾರಸ್ಯವಾದುದು. ತುರ್ಕಿಯ ಸುಲ್ತಾನ ಎರಡನೆಯ ಮಹಮೂದ್ 1829ರಲ್ಲಿ ತನ್ನ ಅಧಿಕಾರಿಗಳಿಗೆ ಅದನ್ನು ಕಡ್ಡಾಯ ಮಾಡಿದ್ದು ಸುಧಾರಣೆಯ ಹೆಸರಿನಲ್ಲಿ. ಮುಂಡಾಸುಗಳ ಭೇದ ಅಳಿದು ಎಲ್ಲರೂ ಒಂದೇ ರೀತಿ ಕಾಣಲಿ ಎಂಬುದು ಉದ್ದೇಶ. ನೂರು ವರ್ಷ ತುಂಬುವ ಮೊದಲೇ, 1925ರ ನವೆಂಬರಿನಲ್ಲಿ ಮುಸ್ತಫಾ ಕೆಮಾಲರ ಸರಕಾರ ಅದೇ ಟೊಪ್ಪಿಯನ್ನು ಹಳೆಯ ಕಾಲದ ಸಂಕೇತವೆಂದು ಕಾನೂನಿನ ಮೂಲಕ ನಿಷೇಧಿಸಿ, ಯೂರೋಪಿನ ಹ್ಯಾಟನ್ನು ಹೇರಿತು. ಸುಧಾರಣೆಗಾಗಿ ತಂದದ್ದೂ ಟೊಪ್ಪಿ, ಸುಧಾರಣೆಗಾಗಿ ತೆಗೆದದ್ದೂ ಅದೇ ಟೊಪ್ಪಿ!

ಮುಂಬಯಿಯ ದಾವೂದಿ ಬೋಹರಾ ಸಮುದಾಯದ ಬಿಳಿಯ ಟೊಪ್ಪಿಗೆ ಚಿನ್ನದ ಬಣ್ಣದ ಅಂಚು ಇರುತ್ತದೆ. ಮನೆಯ ಹೆಂಗಸರು ಕ್ರೋಶಾ ಕಡ್ಡಿಯಲ್ಲಿ ಇದನ್ನು ಹೆಣೆಯುತ್ತಾರೆ. ಸ್ತ್ರೀಯರ ಬಣ್ಣಬಣ್ಣದ ಎರಡು ಭಾಗಗಳ ‘ರಿದಾ’ ಹಾಗೂ ಪುರುಷರ ಈ ಟೊಪ್ಪಿ ಸಮುದಾಯದ ಸ್ಪಷ್ಟ ಗುರುತಾಗಿ ನೆಲೆಗೊಂಡದ್ದು 2014ರಲ್ಲಿ ನಿಧನರಾದ 52ನೆಯ ಧರ್ಮಗುರು ಸೈಯದನಾ ಮೊಹಮ್ಮದ್ ಬುರ್ಹಾನುದ್ದೀನರ ಕಾಲದಲ್ಲಿ. ಶತಮಾನಗಳಷ್ಟು ಪ್ರಾಚೀನವೆಂದು ತೋರುವ ಎಷ್ಟೋ ಉಡುಪುಗಳು ಇಂದಿನ ಸ್ಥಿರ ರೂಪ ಪಡೆದದ್ದು ಹೀಗೆ ನಮ್ಮ ಕಣ್ಣೆದುರಿನಲ್ಲೇ.

ಮುಸ್ಲಿಂ ಸ್ತ್ರೀಯರ ಉಡುಪಿನ ಬಗ್ಗೆ ಬರೆಯುವಾಗ ಪತ್ರಿಕೆಗಳು ಸಹ ಪದಗಳನ್ನು ಕಲಸಿಬಿಡುತ್ತವೆ. ಹಿಜಾಬ್ ಎಂದರೆ ರೂಢಿಯ ಅರ್ಥದಲ್ಲಿ ಕೂದಲು ಮತ್ತು ಕತ್ತನ್ನು ಮುಚ್ಚುವ ವಸ್ತ್ರ, ಮುಖ ತೆರೆದಿರುತ್ತದೆ. ನಿಖಾಬ್ ಮುಖದ ಮುಸುಕು, ಬುರ್ಖಾ ಇಡೀ ದೇಹದ ಹೊದಿಕೆ. ಕುರಾನಿನ 24 ಮತ್ತು 33ನೆಯ ಅಧ್ಯಾಯಗಳಲ್ಲಿ ಸ್ತ್ರೀಯರ ಮೇಲುಹೊದಿಕೆಯ ಪ್ರಸ್ತಾಪವಿದೆ. ಅದು ತಲೆಯನ್ನೂ ಒಳಗೊಂಡ ಆಜ್ಞೆಯೆಂದು ಬಹುಪಾಲು ಪಾರಂಪರಿಕ ಪಂಡಿತರು ಅರ್ಥೈಸುತ್ತಾರೆ. ಸಭ್ಯತೆಯ ಸಾಮಾನ್ಯ ಉಪದೇಶವೆಂದು ಕೆಲವು ಆಧುನಿಕ ವ್ಯಾಖ್ಯಾನಕಾರರು ಹೇಳುತ್ತಾರೆ.

ಪಾರ್ಸಿಗಳು ಮತ್ತು ಸಿಖ್ಖರು

ಪಾರ್ಸಿಗಳಲ್ಲಿ ಪ್ರಾರ್ಥನೆಗೆ ತಲೆ ಮುಚ್ಚುವುದು ಗಂಡು ಹೆಣ್ಣು ಇಬ್ಬರಿಗೂ ಅಗತ್ಯ. ನವಜೋತ್ ಸಂಸ್ಕಾರವಾದ ಬಳಿಕ ಸೊಂಟಕ್ಕೆ ಕಟ್ಟುವ ‘ಕುಸ್ತಿ’ ದಾರವನ್ನು ಬಿಚ್ಚಿ ಮತ್ತೆ ಕಟ್ಟುವಾಗ ತಲೆ ಬರಿದಾಗಿರಬಾರದು. ಗೃಹಸ್ಥರದು ಸಾಮಾನ್ಯವಾಗಿ ಕರಿಯ ಮಖಮಲ್ ಟೊಪ್ಪಿ, ಪುರೋಹಿತರದು ಬಿಳಿಯ ಪಗಡಿ. ಹಳೆಯ ತಲೆಮಾರಿನ ಸ್ತ್ರೀಯರು ‘ಮಾಥಾಬಾನಾ’ ಎಂಬ ಬಿಳಿಯ ವಸ್ತ್ರದಿಂದ ಕೂದಲನ್ನು ಬಿಗಿಯಾಗಿ ಕಟ್ಟುತ್ತಿದ್ದರು, ಈಗ ಸಾಮಾನ್ಯ ಸ್ಕಾರ್ಫ್ ಸಾಕು. ದಾದಾಭಾಯಿ ನವರೋಜಿಯವರ ಚಿತ್ರಗಳಲ್ಲಿ ಕಾಣುವ ಎತ್ತರದ ಶಿರೋಭೂಷಣ ಪ್ರಾರ್ಥನೆಯದಲ್ಲ, ಸಭೆ ಸಮಾರಂಭಗಳದು.

ಸಿಖ್ಖರ ವಿಷಯ ಈ ಎಲ್ಲಕ್ಕಿಂತ ಭಿನ್ನ. ಅಲ್ಲಿ ಮೂಲವ್ರತ ಇರುವುದು ಕೇಶದ್ದು. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ದೀಕ್ಷಿತರು ಕೂದಲು ಕತ್ತರಿಸಬಾರದೆಂಬ ನಿಯಮ ಬಂತು. ಆ ಕೇಶವನ್ನು ಕಾಪಾಡುವುದು ದಸ್ತಾರ್, ಅಂದರೆ ಪೇಟ. ಅಂದು ಮೊದಲು ತಲೆಯೊಡ್ಡಿದ ‘ಪಂಜ್ ಪ್ಯಾರೆ’ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ನಮ್ಮ ಬೀದರಿನವರೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. 1945ರಲ್ಲಿ ಅಂಗೀಕೃತವಾದ ಸಿಖ್ ಆಚಾರಸಂಹಿತೆ ಪುರುಷರಿಗೆ ಪೇಟವನ್ನು ವಿಧಿಸಿ, ಸ್ತ್ರೀಯರ ಇಚ್ಛೆಗೆ ಬಿಟ್ಟಿದೆ. ಹಳೆಯ ರಹಿತನಾಮಾಗಳಂತೂ ಸಿಖ್ಖನು ಟೊಪ್ಪಿ ಹಾಕುವುದನ್ನು ಖಂಡಿಸುತ್ತವೆ. ಅಂದರೆ ತಲೆ ಮುಚ್ಚುವುದು ಎಲ್ಲಕ್ಕಿಂತ ಕಡ್ಡಾಯವಾಗಿರುವ ಮತದಲ್ಲೇ ಟೊಪ್ಪಿಗೆ ಸ್ಥಾನವಿಲ್ಲ. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮಿನಲ್ಲಿ ಪೇಟಧಾರಿ ಸಿಖ್ಖರಿಗೆ ಹೆಲ್ಮೆಟ್ ಧರಿಸುವುದರಿಂದ ವಿನಾಯಿತಿ ಇದೆ. ಬ್ರಿಟನ್ನು ಇಂಥದೇ ಕಾನೂನನ್ನು 1976ರಲ್ಲಿ ಮಾಡಿತು.

ಬರಿಮೈ, ಬರಿದಲೆ

ಹಿಂದೂಗಳ ವಿಷಯದಲ್ಲಿ ಒಂದೇ ಸೂತ್ರ ಹೇಳುವುದು ಅಸಾಧ್ಯ. ಮುಂಬಯಿಯಲ್ಲಿ ಮರಾಠಿ ಮಿತ್ರರ ಮನೆಯ ಸತ್ಯನಾರಾಯಣ ಪೂಜೆಗೆ ಹೋದವರು, ಪೂಜೆಗೆ ಕೂರುವ ಯಜಮಾನ ತಲೆಗೆ ಟೊಪ್ಪಿ ಇಟ್ಟುಕೊಳ್ಳುವುದನ್ನು ಕಂಡಿರಬಹುದು. ಅದೇ ಪೂಜೆ ನಮ್ಮ ಉಡುಪಿ ಕಡೆಯವರ ಮನೆಯಲ್ಲಾದರೆ ಭಟ್ಟರು ಅಂಗಿಯನ್ನೂ ಕಳಚಿ, ಹೆಗಲಿಗೆ ಶಲ್ಯವೊಂದನ್ನು ಹೊದೆದು ಕೂರಿರೆನ್ನುತ್ತಾರೆ. ಪಂಢರಪುರದ ವಾರಕರಿ ಗಾಂಧಿ ಟೊಪ್ಪಿಯ ಆಕಾರದ ಬಿಳಿಯ ಟೊಪ್ಪಿಯಲ್ಲಿ ವಿಠ್ಠಲನ ಮುಂದೆ ನಿಲ್ಲುತ್ತಾನೆ. ಕರಾವಳಿಯ ಭಕ್ತ ಬರಿಮೈ ಬರಿದಲೆಯಲ್ಲಿ ಕೃಷ್ಣನ ಮುಂದೆ ನಿಲ್ಲುತ್ತಾನೆ. ಮಠಾಧಿಪತಿಗಳಲ್ಲಿಯೂ ಹಾಗೆಯೇ: ವೀರಶೈವ ಲಿಂಗಾಯತ ಮಠಗಳ ಸ್ವಾಮಿಗಳು ಕಾವಿಯ ರುಮಾಲು ಸುತ್ತುತ್ತಾರೆ, ಉಡುಪಿಯ ಯತಿಗಳು ಬೋಳುತಲೆಯ ಮೇಲೆ ಕಾವಿಯ ಸೆರಗನ್ನು ಎಳೆದುಕೊಳ್ಳುತ್ತಾರೆ.

ಸ್ತ್ರೀಯರ ಸೆರಗಿನ ವಿಷಯ ಇನ್ನೂ ಸೂಕ್ಷ್ಮವಾದುದು. ಉತ್ತರ ಭಾರತದಲ್ಲಿ, ಹಾಗೆಯೇ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ ತಲೆಯ ಮೇಲಿನ ಸೆರಗು ಮುತ್ತೈದೆಯ ಲಕ್ಷಣ, ಹಿರಿಯರೆದುರು ತೋರುವ ಮರ್ಯಾದೆ. ಹಳೆಯ ಮೈಸೂರು ಮತ್ತು ಕರಾವಳಿಯ ಬ್ರಾಹ್ಮಣ ಮನೆಗಳಲ್ಲಿ ಮುತ್ತೈದೆ ತಲೆಗೆ ಹೂ ಮುಡಿಯುತ್ತಿದ್ದಳೇ ಹೊರತು ಸೆರಗು ಹೊದೆಯುತ್ತಿರಲಿಲ್ಲ. ಕೂದಲು ತೆಗೆಸಿ, ಕೆಂಪು ಸೀರೆಯ ಸೆರಗನ್ನು ತಲೆ ತುಂಬ ಹೊದ್ದವಳೆಂದರೆ ಅವಳು ವಿಧವೆ. ಒಂದೇ ರಾಜ್ಯದೊಳಗೆ ಒಂದೇ ಸೆರಗು ಒಂದೆಡೆ ಸೌಭಾಗ್ಯವನ್ನೂ ಇನ್ನೊಂದೆಡೆ ಅದರ ನಷ್ಟವನ್ನೂ ಸಾರುತ್ತಿತ್ತು. ಮೈಸೂರು ಸೀಮೆಯಿಂದ ಧಾರವಾಡದ ಕಡೆಗೆ ಸೊಸೆಯಾಗಿ ಹೋದವಳಿಗೆ ಅತ್ತೆ ‘ತಲಿ ಮ್ಯಾಲೆ ಸೆರಗ ಹಾಕ್ಕೋವಾ’ ಎಂದಾಗ ಆಕೆಗೆ ಆಗುತ್ತಿದ್ದ ತಳಮಳವನ್ನು ನಾವು ಊಹಿಸಬಹುದು. ಆಜ್ಞೆ ಯಾವ ಗ್ರಂಥದಲ್ಲೂ ಇರಲಿಲ್ಲ. ಆದರೆ ಮೀರುವಂತೆಯೂ ಇರಲಿಲ್ಲ.

ಆಜ್ಞೆಯೋ ಆಚಾರವೋ

ಈ ವ್ಯತ್ಯಾಸ ಕೇವಲ ವಿದ್ವತ್ತಿನ ವಿಷಯವಾಗಿ ಉಳಿದಿಲ್ಲ. ಅಮೆರಿಕದ ವಾಯುಸೇನೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಸಿಂಖಾ ಗೋಲ್ಡ್‌ಮನ್ ಎಂಬ ಯೆಹೂದಿ ಅಧಿಕಾರಿ ಸಮವಸ್ತ್ರದೊಡನೆ ಕಿಪ್ಪಾ ಧರಿಸುವ ಹಕ್ಕಿಗಾಗಿ ಹೋರಾಡಿ, 1986ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ 5-4ರ ತೀರ್ಪಿನಿಂದ ಸೋತರು. ಮರುವರ್ಷವೇ ಅಮೆರಿಕದ ಸಂಸತ್ತು ಕಾನೂನು ಮಾಡಿ, ಸೈನಿಕರು ಅಚ್ಚುಕಟ್ಟಾದ, ಆಡಂಬರವಿಲ್ಲದ ಧಾರ್ಮಿಕ ಉಡುಪು ಧರಿಸಲು ಅವಕಾಶ ನೀಡಿತು. ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿಯ 2004ರ ಮಾರ್ಚ್ 15ರ ಕಾನೂನು ಸರಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಮತಚಿಹ್ನೆಗಳನ್ನು ನಿಷೇಧಿಸಿತು. ಹಿಜಾಬ್, ಕಿಪ್ಪಾ, ಸಿಖ್ ಪೇಟ ಮೂರೂ ಅದಕ್ಕೆ ಸಿಲುಕಿದವು.

ಭಾರತದಲ್ಲಿ ನ್ಯಾಯಾಲಯಗಳು ಬಳಸುವ ಅಳತೆಗೋಲು ‘ಧರ್ಮದ ಅತ್ಯಗತ್ಯ ಆಚರಣೆ’ ಎಂಬುದು. ಇದರ ಬೇರು ಇರುವುದು ನಮ್ಮ ಉಡುಪಿಯಲ್ಲೇ. ಶೀರೂರು ಮಠದ ಆಡಳಿತದಲ್ಲಿ ಮದ್ರಾಸು ಸರಕಾರದ ಧರ್ಮಾದಾಯ ಇಲಾಖೆಯ ಹಸ್ತಕ್ಷೇಪದ ಬಗೆಗಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ, ಯಾವುದು ಧರ್ಮದ ಅತ್ಯಗತ್ಯ ಭಾಗ ಎಂಬುದನ್ನು ಆ ಧರ್ಮದ ಸಿದ್ಧಾಂತಗಳ ಆಧಾರದಿಂದಲೇ ನಿರ್ಣಯಿಸಬೇಕು ಎಂದಿತು. 68 ವರ್ಷಗಳ ನಂತರ ಅದೇ ಉಡುಪಿಯ ಕಾಲೇಜಿನಲ್ಲಿ ಹುಟ್ಟಿದ ಹಿಜಾಬ್ ವಿವಾದಕ್ಕೂ ಇದೇ ಅಳತೆಗೋಲು ಬಂತು. ಸಮವಸ್ತ್ರದ ಕುರಿತು ಕರ್ನಾಟಕ ಸರಕಾರ 2022ರ ಫೆಬ್ರವರಿ 5ರಂದು ಹೊರಡಿಸಿದ ಆದೇಶವನ್ನು ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಮಾರ್ಚ್ 15ರಂದು ಎತ್ತಿಹಿಡಿದು, ಹಿಜಾಬ್ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಆದೇಶವನ್ನು ಒಪ್ಪಿದರು. ಅದನ್ನು ರದ್ದುಪಡಿಸಿದ ನ್ಯಾಯಮೂರ್ತಿ ಸುಧಾಂಶು ಧೂಲಿಯಾ, ಅತ್ಯಗತ್ಯವೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲವೆಂದೂ, ಹೆಣ್ಣುಮಗಳ ಆಯ್ಕೆ ಮತ್ತು ಶಿಕ್ಷಣ ಮುಖ್ಯವೆಂದೂ ಬರೆದರು. ಮುಂಬಯಿಯ ಚೆಂಬೂರಿನ ಕಾಲೇಜೊಂದು ಹಿಜಾಬಿನೊಡನೆ ಟೊಪ್ಪಿಯನ್ನೂ ನಿಷೇಧಿಸಿದ್ದ ಸುತ್ತೋಲೆಗೆ, ಆ ಮಟ್ಟಿಗೆ, ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ತಡೆ ನೀಡಿತು.

ಮೇಲೆ ವಿವರಿಸಿದ ಶಿರೋವಸ್ತ್ರಗಳನ್ನು ಒಂದೊಂದಾಗಿ ಈ ಅಳತೆಗೋಲಿಗೆ ಹಿಡಿದು ನೋಡಿದರೆ ಅದರ ತೊಡಕು ತಿಳಿಯುತ್ತದೆ. ಸಿಖ್ಖರ ಪೇಟ ಸುಲಭವಾಗಿ ತೇರ್ಗಡೆಯಾದೀತು. ತೋರಾದಲ್ಲಿ ಇಲ್ಲದ ಕಿಪ್ಪಾ? ಕುರಾನಿನಲ್ಲಿ ಇಲ್ಲದ ತಾಕಿಯಾ? ವಾರಕರಿಯ ಟೊಪ್ಪಿ, ಕಲಬುರಗಿಯ ಅಜ್ಜಿಯ ಸೆರಗು? ಎಲ್ಲವೂ ರೂಢಿಯಿಂದ ಬಂದವು. ಆದರೆ ಧರಿಸಿದವರ ಮನಸ್ಸಿನಲ್ಲಿ ರೂಢಿಗೂ ಆಜ್ಞೆಗೂ ನಡುವೆ ಗೆರೆ ಇರುವುದಿಲ್ಲ. ತಲೆಯ ಮೇಲಿಂದ ಒತ್ತಾಯವಾಗಿ ತೆಗೆಸಿದಾಗ ನೋವು ಎರಡಕ್ಕೂ ಒಂದೇ. ಒತ್ತಾಯವಾಗಿ ಹೊದೆಸಿದಾಗಲೂ ಅಷ್ಟೇ.

ಅನ್ಯಮತದ ಪ್ರಾರ್ಥನಾಸ್ಥಳಗಳನ್ನು ನೋಡಬಯಸುವ ನಮ್ಮವರಿಗೆ ಕೆಲವು ಮಾತು. ಗುರುದ್ವಾರದಲ್ಲಿ ಗಂಡು ಹೆಣ್ಣು ಮಕ್ಕಳೆನ್ನದೆ ಎಲ್ಲರೂ ತಲೆ ಮುಚ್ಚಬೇಕು. ಬೀದರಿನ ನಾನಕ್ ಝೀರಾಕ್ಕೆ ಹೋಗುವವರು ಜೇಬಿನಲ್ಲಿ ದೊಡ್ಡ ಕರವಸ್ತ್ರ ಇಟ್ಟುಕೊಂಡರೆ ಸಾಕು. ಹಾಜಿ ಅಲಿ, ಮಾಹಿಮ್ ಅಥವಾ ಕಲಬುರಗಿಯ ಬಂದೇನವಾಜ್ ದರ್ಗಾಗಳಲ್ಲಿಯೂ ತಲೆ ಮುಚ್ಚುವುದು ಶಿಷ್ಟಾಚಾರ. ಇಗರ್ಜಿಯಲ್ಲಿ ಗಂಡಸರು ಟೊಪ್ಪಿ ತೆಗೆಯಬೇಕು. ಪಾರ್ಸಿ ಅಗ್ನಿಮಂದಿರಗಳಿಗೆ ಅನ್ಯರಿಗೆ ಪ್ರವೇಶವಿಲ್ಲ. ಕಾಲಾಘೋಡಾದಲ್ಲಿ 1884ರಲ್ಲಿ ಕಟ್ಟಿದ ಕೆನೆಸೆತ್ ಎಲಿಯಾಹೂ ಯೆಹೂದಿ ಮಂದಿರವನ್ನು ಇತರರೂ ನೋಡಬಹುದು. ಭದ್ರತಾ ತಪಾಸಣೆ ಇರುವುದರಿಂದ ಗುರುತಿನ ಚೀಟಿ ಜೊತೆಗಿರಲಿ. ಗಂಡಸರು ಒಳಗೆ ಹೋಗುವಾಗ ತಲೆಗೆ ಟೊಪ್ಪಿ ಬೇಕು. ಮುಟ್ಟಾಳೆ ಇಟ್ಟುಕೊಂಡು ಹೋದರೂ ಅಡ್ಡಿಯಾಗಲಿಕ್ಕಿಲ್ಲ.